ಎಂಟು ಮಡಿಕೆಯ ದಸ್ತಿ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡದೆ ಒಳಗೆ ಕಾಲಿಡಲಾರೆ. ಮದುವೆ ಮನೆಗೆ ಹೋದರಂತೂ ನನ್ನ ಯಜಮಾನರು ಒಳಗೆ ಹೋಗಿ ನಾಲ್ಕು ಮಂದಿಯ ಕ್ಷೇಮ ವಿಚಾರಿಸಿ ಎರಡು ಪೇಢೆ ತಿಂದು ಮುಗಿಸಿರುತ್ತಾರೆ, ನಾನಿನ್ನೂ ಚಪ್ಪಲಿಗಳ ರಾಶಿಯ ಮುಂದೆಯೇ ನಿಂತಿರುತ್ತೇನೆ. ಒಮ್ಮೆ ಒಬ್ಬ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ತಮ್ಮ ಹೊಸ ಜೋಡನ್ನು ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದರು. ಅವರಿಗೆ ಹೇಗೆ ಹೇಳುವುದು, ನಾನು ನೋಡುವುದು ಹೊಸದನ್ನಲ್ಲ, ಸವೆದದ್ದನ್ನು ಎಂದು? ಯಾವ ಹಿಮ್ಮಡಿ ಒಳಮಗ್ಗುಲಿಗೆ ಸವೆದಿದೆ, ಯಾರ ಹೆಬ್ಬೆರಳು ಅಟ್ಟೆಯಲ್ಲಿ ಗುಂಡಿ ತೋಡಿದೆ, ಯಾರು ಕಾಲೆಳೆದುಕೊಂಡು ನಡೆಯುತ್ತಾರೆ, ಇಷ್ಟನ್ನು ನೋಡಿಕೊಂಡು ಒಳಗೆ ಹೋದರೆ ಮನೆಯವರ ಅರ್ಧ ಪರಿಚಯ ಆದಂತೆಯೇ. ಯಜಮಾನರ ಚಪ್ಪಲಿಯನ್ನೂ ಮದುವೆಗೆ ಒಪ್ಪುವ ಮೊದಲು ನೋಡಿದ್ದೆ. ಎರಡೂ ಸಮನಾಗಿ ಸವೆದಿದ್ದವು.

ಈ ಚಾಳಿ ಹತ್ತಿಸಿದವರು ಸುಭದ್ರಾ ಅಕ್ಕೋರು, ಹೈದರಾಬಾದಿನ ನಾರಾಯಣಗೂಡದ ಒಂದು ಮಾಳಿಗೆಯ ಮೇಲೆ ನನಗೆ ಯೋಗ ಕಲಿಸಿದವರು. ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ ಅಪ್ಪನ ಹಳೆಯ ಖಾದಿ ದಸ್ತಿಯೊಂದು ಸಿಕ್ಕಿತು. ಕರವಸ್ತ್ರಕ್ಕೆ ನಮ್ಮ ಮನೆಯಲ್ಲಿ ದಸ್ತಿ ಎನ್ನುತ್ತೇವೆ. ಹೈದರಾಬಾದಿನ ನೀರು ಕುಡಿದವರಿಗೆಲ್ಲ ಅದು ದಸ್ತಿಯೇ. ಅಂಚು ಹಳದಿಗಟ್ಟಿತ್ತು, ಎಂಟು ಮಡಿಕೆಯ ಗೆರೆಗಳು ಮಾತ್ರ ಹಾಗೇ ಉಳಿದಿದ್ದವು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಒಲೆಯ ಮೇಲಿನ ಹಾಲು ಮರೆತೇ ಹೋಯಿತು. ಉಕ್ಕಿ ಚೆಲ್ಲಿದ ವಾಸನೆ ಬಂದ ಮೇಲೂ ಎದ್ದು ಹೋಗಲು ಮನಸ್ಸಾಗಲಿಲ್ಲ.

ನನಗೆ ಆರು ವರ್ಷ. ಪಂಚಮಿ ಹಬ್ಬಕ್ಕೆಂದು ಬೀದರ ಜಿಲ್ಲೆಯಲ್ಲಿದ್ದ ಅಜ್ಜಿಯ ಊರಿಗೆ ಹೋಗಿದ್ದೆವು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನಿಂತು ಜೀಕಬೇಡ ಎಂದಿದ್ದರು, ನಾನು ನಿಂತೇ ಜೀಕಿದೆ. ಬಿದ್ದದ್ದು ನೆನಪಿಲ್ಲ. ಜೋಕಾಲಿ ಮೇಲೇರಿದಾಗ ಎಲೆಗಳ ನಡುವೆ ಕಂಡ ಒಂದು ಚೂರು ಆಕಾಶ, ಬಾಯಲ್ಲಿದ್ದ ಹಬ್ಬದ ಸಿಹಿ ಅಳ್ಳಿಟ್ಟಿನ ರುಚಿ, ಇವೆರಡು ಮಾತ್ರ ನೆನಪಿವೆ. ತೊಡೆಯ ಎಲುಬು ಮುರಿದಿತ್ತು. ಊರಿನಲ್ಲಿ ಎಲುಬು ಕಟ್ಟುವ ಮುದುಕರೊಬ್ಬರು ಬಿದಿರಿನ ದಬ್ಬೆಯಿಟ್ಟು ಕಟ್ಟಿದರು. ಎಲುಬೇನೋ ಕೂಡಿತು, ಆದರೆ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳಿನ ದಪ್ಪದಷ್ಟು ಗಿಡ್ಡವಾಗಿ ಕೂಡಿತು.

ಅರ್ಧ ಬೆರಳು ಏನು ಮಹಾ ಎನ್ನುತ್ತೀರಿ. ಅವ್ವನಿಗೆ ಅದು ಬಹಳ ದೊಡ್ಡದು. "ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳೆ ಹೆಣ್ಣು ನೋಡಾಕ ಬಂದೋರು ನಡೀ ಅಂತಾರ, ಆಗೇನ ಮಾಡ್ತಿ?" ಎಂದು ಏಳು ವರ್ಷದ ನನಗೆ ಹೇಳಿದ್ದಳು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ನನಗೆ ಹೊಸ ಚಪ್ಪಲಿ ತಂದಾಗಲೆಲ್ಲ ಎಡಗಾಲಿನದನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. ನಮ್ಮ ಗಲ್ಲಿಯ ಮೂಲೆಯಲ್ಲೇ ಚಪ್ಪಲಿ ಹೊಲಿಯುವವರಿದ್ದರೂ ಅವರನ್ನು ದಾಟಿ, ಯಾರೂ ಗುರುತಿನವರಿಲ್ಲದ ಕಾಚಿಗೂಡದ ತನಕ ನಡೆದುಹೋಗಿ ಒಳಗೊಂದು ಅಟ್ಟೆ ಹಾಕಿಸಿಕೊಂಡು ಬರುತ್ತಿದ್ದರು.

ಪಕ್ಕದ ಮನೆಯ ದೇಶಪಾಂಡೆ ಕಾಕಾ ಮುಂಜಾನೆಯಿಂದ ಸಂಜೆಯ ತನಕ ಕಟ್ಟೆಯ ಮೇಲೆ ಕೂತಿರುವವರು. ಕಲಬುರಗಿಯ ಕಡೆಯವರು, ಹೋಗಿಬರುವವರನ್ನು ಮಾತಾಡಿಸದೆ ಬಿಡುತ್ತಿರಲಿಲ್ಲ. "ಕಂಕುಳಾಗ ಏನ್ ಒಯ್ಯಾಕತ್ತೀರಿ?" ಎಂದು ಕೇಳುತ್ತಿದ್ದರು. "ಹಳೇ ಪುಸ್ತಕರಿ. ಬೈಂಡ್ ಮಾಡಸಾಕ ಹೊಂಟೀನಿ," ಎಂದು ಅಪ್ಪ ಒಮ್ಮೆ ಅಂದುಬಿಟ್ಟರು. ಆಮೇಲೆ ಪ್ರತಿಸಲವೂ ಅದೇ ಉತ್ತರ ಕೊಡಬೇಕಾಯಿತು. ವರ್ಷಕ್ಕೆರಡು ಸಲ ಪುಸ್ತಕಕ್ಕೆ ರಟ್ಟು ಕಟ್ಟಿಸುವ ಅಪ್ಪ ಗಲ್ಲಿಯಲ್ಲಿ ದೊಡ್ಡ ಓದುಗರೆಂದು ಹೆಸರಾದರು. ಮಕ್ಕಳ ಹೆಸರಿಡಲು, ಗೃಹಪ್ರವೇಶಕ್ಕೆ ದಿನ ಕೇಳಲು ಜನ ಬರತೊಡಗಿದರು. ಅಪ್ಪ ಬೆವರು ಒರೆಸಿಕೊಳ್ಳುತ್ತ ಗೋಡೆಯ ಕ್ಯಾಲೆಂಡರಿನ ಹಿಂಬದಿ ನೋಡಿ ಏನಾದರೂ ಹೇಳಿ ಕಳಿಸುತ್ತಿದ್ದರು.

ಮುಂದೆ ನಾನು ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದನ್ನು ಸೇರಿದೆ. ಆಗ ಊರಿಗೆ ಊರೇ ಕಂಪ್ಯೂಟರ್ ಮಾತಾಡುತ್ತಿತ್ತು. ತಳ್ಳುಗಾಡಿಯಲ್ಲಿ ಟೊಮೆಟೊ ತೂಗುವಾಕೆಯೂ "ಜಾವಾನಾ, ಟೆಸ್ಟಿಂಗಾ ಅಮ್ಮಾ?" ಎಂದು ಕೇಳುತ್ತಿದ್ದಳು. ನನ್ನದು ಟೆಸ್ಟಿಂಗ್, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಮುಂಜಾನೆ ಕಂಪನಿಯ ಜೀಪಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ಹುಸೇನ್ ಸಾಗರದ ಬೂದು ನೀರು, ಬಂಜಾರಾ ಹಿಲ್ಸಿನ ಬಂಡೆಗಳು, ಆಮೇಲೆ ಸಾಲಾಗಿ ಕ್ರೇನುಗಳು, ಎಲ್ಲವೂ ನಿದ್ದೆಯ ಅಂಚಿನಲ್ಲೇ ಹಾದುಹೋಗುತ್ತಿದ್ದವು. ಆಫೀಸಿನ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ಕಲ್ಲು ಹೊರುವ ಹೆಂಗಸರು ನಮ್ಮ ಕಡೆಯವರು. "ಏ ಲಕ್ಷ್ಮೀ, ಬುಟ್ಟಿ ತಾರಬೇ," ಎಂಬ ಕೂಗು ಕಿವಿಗೆ ಬಿದ್ದಾಗ ಅಜ್ಜಿಯ ಊರಿನಲ್ಲಿ ಕಣ್ಣುಬಿಟ್ಟ ಹಾಗಾಗುತ್ತಿತ್ತು. ಬಿಟ್ಟು ನೋಡಿದರೆ ಗಾಜಿನ ಗೋಡೆ, ಕೊರಳಿನಲ್ಲಿ ಗುರುತಿನ ಚೀಟಿಯ ಪಟ್ಟಿ, ಇಡೀ ದಿನ ತಿರುಗುವ ಕುರ್ಚಿ.

ಆ ಕುರ್ಚಿಯಲ್ಲಿ ಮೂರು ವರ್ಷ ಕೂತ ಮೇಲೆ ನನ್ನ ಸೊಂಟ ತನ್ನ ಕಥೆ ಹೇಳಲು ಶುರು ಮಾಡಿತು. ಮೂರು ಗಲ್ಲಿ ದಾಟಿದರೆ ಕೋಚಿಂಗ್ ಸೆಂಟರಿನ ಹಿಂದೆ ಒಬ್ಬ ಅಕ್ಕೋರು ಯೋಗ ಕಲಿಸುತ್ತಾರೆಂದು ಅವ್ವನೇ ಪತ್ತೆ ಹಚ್ಚಿದಳು. ಹುಮನಾಬಾದಿನವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದು ನಿವೃತ್ತರಾದವರು. "ಕಾಲಿಂದು ಏನೂ ಹೇಳಬ್ಯಾಡ. ಸೊಂಟಾ ನೋಯತೈತಿ ಅಂತ ಅಷ್ಟ ಹೇಳು," ಎಂದು ಕಳಿಸಿದಳು.

ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವಾಗ ಅಲ್ಲೇ ಒಬ್ಬ ಸಣಕಲು ಹೆಂಗಸು ತುಳಸಿಗೆ ನೀರು ಹಾಕುತ್ತಿದ್ದರು. ನಾನು ಮೇಲೆ ಹೋಗಿ ಕಾಯುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಅವರೇ ಮೇಲೆ ಬಂದು, ಕೈ ಒರೆಸಿಕೊಳ್ಳುತ್ತ ಕೇಳಿದರು.

"ಎಡಗಾಲು ಎಷ್ಟ ಗಿಡ್ಡ ಐತಿ, ಯವ್ವಾ?"

ಇಪ್ಪತ್ತು ವರ್ಷ ಕಾದಿಟ್ಟ ಗುಟ್ಟು. "ನಿಮಗ ಯಾರ ಹೇಳಿದ್ರು?" ಎಂದೆ.

"ನಿನ್ನ ಚಪ್ಪಲಿ ಹೇಳಿದ್ವು. ಎಡಗಾಲಿಂದರಾಗ ಎರಡ ಅಟ್ಟಿ ಐತಿ, ಬಲಗಾಲಿಂದು ಹಿಮ್ಮಡಿ ಸವದ ಹೋಗೈತಿ. ಹಾಕಿಸಿದವ್ರು ಭಾಳ ಚಲೋ ಹಾಕಿಸ್ಯಾರ. ನಿಂದ್ರು ಇಲ್ಲಿ."

ನಿಂತೆ. ಅವತ್ತಷ್ಟೇ ಅಲ್ಲ, ಮುಂದೆ ಒಂದೂವರೆ ತಿಂಗಳು ಬರೀ ನಿಂತೆ. ಅಪ್ಪನ ದಸ್ತಿಯೊಂದನ್ನು ತರಲು ಹೇಳಿ, ಎಂಟು ಮಡಿಕೆ ಮಾಡಿ ನನ್ನ ಎಡ ಹಿಮ್ಮಡಿಯ ಕೆಳಗೆ ಇಟ್ಟರು. ನನ್ನ ಸುತ್ತ ಕಲಿಯುವವರಲ್ಲಿ ಒಬ್ಬೊಬ್ಬರದು ಒಂದೊಂದು ಪಾಠ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ದುಡಿಯುವವರೊಬ್ಬರು ಮೂಲೆಯಲ್ಲಿ ಕೂತು ತುಂಬಿಯ ಹಾಗೆ ಗುಂಯ್‌ಗುಟ್ಟುತ್ತ ಉಸಿರು ಬಿಡುತ್ತಿದ್ದರು, ಅಷ್ಟೇ ಅವರ ಪಾಠ. ಸೀರೆ ಅಂಗಡಿಯ ಸೇಠರೊಬ್ಬರು ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ಹೆಗಲು ಇಳಿಸುವುದನ್ನು ಕಲಿಯುತ್ತಿದ್ದರು. ಒಬ್ಬರ ಪಾಠವನ್ನು ಇನ್ನೊಬ್ಬರು ಮಾಡುವ ಹಾಗಿಲ್ಲ. ಪಕ್ಕದವರನ್ನು ನೋಡಿ ಕೈ ಎತ್ತಿದರೆ ಅಕ್ಕೋರು ಕೋಲಿನ ತುದಿಯಿಂದ ಮೆಲ್ಲಗೆ ಕೆಳಗಿಳಿಸುತ್ತಿದ್ದರು.

"ಅಕ್ಕೋರೆ, ಆಸನ ಯಾವಾಗ ಕಲಸ್ತೀರಿ?" ಎಂದು ಕೇಳಿದ್ದೆ.

"ಇದೇನು ಮತ್ತ? ಮೊದಲ ನಿಂದ್ರಾಕ ಕಲಿ. ಕಣ್ಣ ಮುಚ್ಚು. ಭಾರ ಎಲ್ಲೈತಿ ಹೇಳು."

ಭಾರ ಎಲ್ಲಿದೆ ಎಂಬುದೊಂದೇ ಅವರ ಪ್ರಶ್ನೆ. ಐದು ನಿಮಿಷಕ್ಕೊಮ್ಮೆ ಹಿಂದಿನಿಂದ ಬಂದು ಕೇಳುವರು. ಬಲ ಹಿಮ್ಮಡಿಯಲ್ಲಿ ಎನ್ನುತ್ತಿದ್ದೆ. ಸರಿಸಬೇಡ, ಸುಮ್ಮನೆ ನೋಡು ಎನ್ನುವರು. ಕಾಲ ಕೆಳಗೆ ಶಹಾಬಾದ ಫರಸಿಕಲ್ಲಿನ ತಂಪು. ಕೋಚಿಂಗ್ ಸೆಂಟರಿನ ಮೈಕಿನಲ್ಲಿ ಮಾಸ್ತರರೊಬ್ಬರು ತೆಲುಗಿನಲ್ಲಿ ಲೋಲಕದ ಪಾಠ ಹೇಳುತ್ತಿದ್ದರು. ಅದು ಅತ್ತ ಹೋಗುತ್ತದೆ, ಇತ್ತ ಬರುತ್ತದೆ, ಕೊನೆಗೆ ನಡುವೆ ನಿಲ್ಲುತ್ತದೆ. ಪಾರಿವಾಳಗಳು ಹಾರಿ ಮತ್ತೆ ಇಳಿಯುತ್ತಿದ್ದವು. ಎಲ್ಲೋ ಯಾರದೋ ಮನೆಯಲ್ಲಿ ಒಗ್ಗರಣೆ. ಮುಚ್ಚಿದ ಕಣ್ಣಿನೊಳಗೆ ನಾನು ಮತ್ತೆ ಜೋಕಾಲಿಯ ಮೇಲೆ ನಿಂತಿರುತ್ತಿದ್ದೆ, ಬೇವಿನೆಲೆಗಳ ನಡುವಿನ ಆಕಾಶ ಹತ್ತಿರ ಬಂದು ದೂರ ಹೋಗುತ್ತಿತ್ತು. ಹೀಗೇ ಒಂದು ದಿನ, ಯಾವಾಗ ಎಂದು ತಿಳಿಯದ ಹಾಗೆ, ಭಾರ ಎರಡೂ ಕಾಲಿಗೆ ಇಳಿದಿತ್ತು. ಸೊಂಟದ ನೋವು ಹೋಗಿದ್ದನ್ನು ನಾನು ಎರಡು ದಿನ ಬಿಟ್ಟು ಗಮನಿಸಿದೆ.

ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಇರಲಿಲ್ಲ. ಆಫೀಸಿನಲ್ಲೂ ಊಟದ ನಂತರ ಖಾಲಿ ಮೀಟಿಂಗ್ ರೂಮಿಗೆ ಹೋಗಿ ದಸ್ತಿ ಹಾಕಿಕೊಂಡು ನಿಲ್ಲತೊಡಗಿದೆ. ಒಂದು ದಿನ ಸ್ವರೂಪ ಬಾಗಿಲು ತೆರೆದಳು. ಸ್ವರೂಪ ನನ್ನ ಪಕ್ಕದ ಕುರ್ಚಿಯವಳು. ಮೂರು ವರ್ಷದಿಂದ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು. ಅವಳ ಬೇಳೆಯ ಪಪ್ಪು, ನನ್ನ ಜೋಳದ ರೊಟ್ಟಿ.

"ಇದೇಂಟಿ ಶೈಲಾ, ಕಾಲ ಕೆಳಗೆ ದಸ್ತಿ?"

ಹೇಳಬಹುದಿತ್ತು. ಒಂದೇ ವಾಕ್ಯದ ಮಾತು. ಆದರೆ ಅವ್ವನ ಮಾತು ಇಪ್ಪತ್ತು ವರ್ಷದಿಂದ ನಾಲಿಗೆಯ ಮೇಲೆ ಕೂತಿತ್ತು. "ಇದು ಹೀಗೇ ಮಾಡೋದು," ಎಂದೆ. "ಎಡಗಡೆ ಚಂದ್ರನಾಡಿ ಇರುತ್ತೆ. ಎಡ ಹಿಮ್ಮಡಿ ಸ್ವಲ್ಪ ಎತ್ತರಿಸಿದರೆ ಮನಸ್ಸು ತಂಪಾಗುತ್ತೆ." ಎಲ್ಲಿಂದ ಬಂತೋ ಆ ವಿದ್ಯೆ. ಪುಸ್ತಕ ಬೈಂಡ್ ಮಾಡಿಸುವವರ ಮಗಳಲ್ಲವೇ ನಾನು.

ಮರುದಿನ ಸ್ವರೂಪಳೂ ದಸ್ತಿ ತಂದಳು. ವಾರದೊಳಗೆ ಐದು ಜನ. ಮ್ಯಾನೇಜರ್ ರೆಡ್ಡಿಗಾರು ಇಣುಕಿ ನೋಡಿ ಬಹಳ ಮೆಚ್ಚಿ ಪ್ರತಿ ಬುಧವಾರ ಮಧ್ಯಾಹ್ನ ಇದಕ್ಕೆಂದೇ ಅರ್ಧ ಗಂಟೆ ಗೊತ್ತುಮಾಡಿದರು. ಸಾಫ್ಟ್‌ವೇರಿನವರ ಕೈಗೆ ಏನೇ ಸಿಕ್ಕರೂ ಅದಕ್ಕೆ ಹಂತಗಳು ಹುಟ್ಟುತ್ತವೆ. ಹಂತ ಒಂದು: ದಸ್ತಿಯನ್ನು ಎಂಟು ಮಡಿಕೆ ಮಾಡುವುದು. ಹಂತ ಎರಡು: ಎಡ ಹಿಮ್ಮಡಿಯ ಕೆಳಗೆ ಇಡುವುದು. ಹಂತ ಮೂರು: ಚಂದ್ರನಾಡಿಯನ್ನು ನೆನೆಯುವುದು. ಇದೆಲ್ಲ ಮೇಲ್‌ನಲ್ಲಿ ಇಡೀ ಮಹಡಿಗೆ ಹೋಯಿತು. ಜಗತ್ತಿನವರ ತಪ್ಪನ್ನೆಲ್ಲ ಹುಡುಕಿ ಕೊಡುವ ಟೆಸ್ಟಿಂಗ್ ತಂಡ ನಮ್ಮದು. ಈ ಒಂದು ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನನ್ನೂ ಸೇರಿ ಹನ್ನೆರಡು ಜನ ಎಡ ಹಿಮ್ಮಡಿ ಎತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಹನ್ನೊಂದು ಜನ ಬಲಕ್ಕೆ ವಾಲಿರುತ್ತಿದ್ದರು, ನೆಟ್ಟಗೆ ನಿಂತಿದ್ದವಳು ನಾನೊಬ್ಬಳೇ.

ತಿಂಗಳಾಗುವಷ್ಟರಲ್ಲಿ ಸ್ವರೂಪ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯತೊಡಗಿದಳು. ಸೊಂಟದ ಒಂದು ಮಗ್ಗುಲು ಸೆಳೆಯುತ್ತದೆ ಎಂದಳು. ನೋವು ಹೋಗಲೆಂದು, ಪಾಪ, ದಸ್ತಿಯ ಮೇಲೆ ಇನ್ನೂ ಹತ್ತು ನಿಮಿಷ ಹೆಚ್ಚು ನಿಂತಳು. "ನಿನಗೆ ಇದರಿಂದಲೇ ವಾಸಿಯಾಯಿತಲ್ಲ," ಎಂದು ನನ್ನ ಮುಖ ನೋಡಿ ನಕ್ಕಳು. ಅವತ್ತು ನನ್ನ ಪಾಲಿನ ರೊಟ್ಟಿಯನ್ನೂ ಅವಳ ಕಡೆಗೇ ಸರಿಸಿದೆ.

ಆ ಭಾನುವಾರ ಮುಂಜಾನೆ ಮಾಳಿಗೆಯ ಮೇಲೆ ಅಕ್ಕೋರು ಹಿಂದಿನಿಂದ ಬಂದು ನಿಂತರು. "ಭಾರ ಎಲ್ಲೈತಿ?" ಎಂದರು. ಎಲ್ಲವನ್ನೂ ಒದರಿಬಿಟ್ಟೆ, ಚಂದ್ರನಾಡಿಯ ಸಮೇತ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ನಾ ನಿನ್ನ ಕಾಲಿಗೆ ಹೇಳಿದ್ದು ಅದು. ಊರ ಮಂದಿ ಕಾಲಿಗಲ್ಲ. ನಿನ್ನ ಔಷಧ ಮಂದಿ ಬಾಯಾಗ ಹಾಕೀದಿ."

"ನೀವ ಒಮ್ಮೆ ಬಂದು ಹೇಳ್ರಿ ಅಕ್ಕೋರೆ. ದಸ್ತಿ ಬ್ಯಾಡ ಅಂತ ಅಷ್ಟ ಹೇಳ್ರಿ. ಸಾಕು."

"ನಾ ಹೇಳಿದ್ರ ಅವರ ದಸ್ತಿ ಹೋಗತೈತಿ, ನಿನ್ನ ಸುಳ್ಳು ಹಂಗ ಉಳೀತೈತಿ." ಅವರು ಬಗ್ಗಿ ನನ್ನ ಹಿಮ್ಮಡಿಯ ಕೆಳಗಿನ ದಸ್ತಿ ತೆಗೆದು, ಕೊಡವಿ, ನನ್ನ ಕೈಯಲ್ಲಿಟ್ಟರು. "ನೀನ ಹೇಳಬೇಕು. ಹೇಳೂತನಕ ನನ್ನ ಮಾಳಗಿ ಹತ್ತಬ್ಯಾಡ."

ಮೆಟ್ಟಿಲು ಇಳಿಯುವಾಗ ಬಲಗಾಲಿನ ಮೇಲೇ ಇಳಿದೆ. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು. ಮುಂಜಾನೆ ಆರಕ್ಕೆ ಎಚ್ಚರವಾಗುತ್ತಿತ್ತು, ಹೋಗಲು ಜಾಗವಿರಲಿಲ್ಲ. ದೂರದಿಂದ ಕೋಚಿಂಗ್ ಮೈಕಿನ ದನಿ ತೇಲಿಬರುತ್ತಿತ್ತು, ಲೋಲಕ ಮುಗಿದು ಬೇರೇನೋ ಪಾಠ. ಕಾಲು ಗಿಡ್ಡ ಎಂದು ಹೇಳುವ ಭಯಕ್ಕಿಂತ ಆ ಮಾಳಿಗೆ ಇಲ್ಲವಾಗುವ ಸಂಕಟ ದೊಡ್ಡದೆಂದು ನನಗೆ ಗೊತ್ತಾದದ್ದು ಆ ಮೂರು ದಿನಗಳಲ್ಲಿ.

ಬುಧವಾರ ಎಲ್ಲರೂ ದಸ್ತಿ ಮಡಚುತ್ತಿದ್ದಾಗ ನಾನು ಮುಂದೆ ಹೋಗಿ ನಿಂತೆ. ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ, ತೆಲುಗು, ಹಿಂದಿ, ಇಂಗ್ಲಿಷು ಎಲ್ಲ ಬೆರೆತಿರಬೇಕು. ನನ್ನ ಎಡಗಾಲು ಗಿಡ್ಡ ಇದೆ. ಆರು ವರ್ಷದವಳಿದ್ದಾಗಿನಿಂದ. ದಸ್ತಿ ನನಗೆ ಮಾತ್ರ ಬೇಕು, ನಿಮಗ್ಯಾರಿಗೂ ಬೇಡ. ಚಂದ್ರನಾಡಿಯ ಕಥೆ ನಾನೇ ಕಟ್ಟಿದ್ದು, ನಾಚಿಕೆಗೆ ಕಟ್ಟಿದ್ದು. ಇಷ್ಟು ಹೇಳಿ ಬೂಟು ಕಳಚಿ, ಒಳಗಿನ ಅಟ್ಟೆಯನ್ನು ತೆಗೆದು ತೋರಿಸಿದೆ.

ರೆಡ್ಡಿಗಾರು ಗಂಟಲು ಸರಿಪಡಿಸಿಕೊಂಡರು. "ಅಯಿತೇ ಆ ಮೆಯಿಲ್ ವಾಪಸ್ ತೀಸ್ಕೋವಾಲಾ?" ಕಳಿಸಿದ ಮೇಲ್ ಹಿಂದಕ್ಕೆ ತೆಗೆದುಕೊಳ್ಳಬೇಕೇ ಎಂಬುದಷ್ಟೇ ಅವರ ಚಿಂತೆ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು, ನಾನೂ. ಹನ್ನೊಂದು ದಸ್ತಿಗಳು ಬಿಚ್ಚಿಕೊಂಡು ಜೇಬು ಸೇರಿದವು. ಆ ಕೋಣೆಯಲ್ಲಿ ದಸ್ತಿಯ ಮೇಲೆ ಮತ್ತೆ ನಿಂತವಳು ನಾನೊಬ್ಬಳೇ, ಎಲ್ಲರೂ ನೋಡುತ್ತಿದ್ದ ಹಾಗೇ ನಿಂತೆ. ಎರಡೂ ಪಾದಗಳು ನೆಲ ಮುಟ್ಟಿದ್ದವು. ಅಷ್ಟು ಹಗುರ ನಾನು ಜೋಕಾಲಿಯ ಮೇಲೂ ಇದ್ದಿರಲಿಲ್ಲ.

ನಗದವಳು ಸ್ವರೂಪ ಮಾತ್ರ. ಮರುದಿನ ಡಬ್ಬಿಯನ್ನು ಬೇರೆ ಮೇಜಿಗೆ ಒಯ್ದು ಉಂಡಳು. ಶುಕ್ರವಾರ ಬಂದು ತೆಲುಗಿನಲ್ಲಿ ಜಾಡಿಸಿದಳು. ಸೊಂಟ ನೋಯಿಸಿದ್ದಕ್ಕಲ್ಲ ಸಿಟ್ಟು, ಮೂರು ವರ್ಷ ಒಟ್ಟಿಗೆ ಉಂಡವಳಿಗೆ ಹೇಳಲಿಲ್ಲವಲ್ಲ, ಅದಕ್ಕೆ. ನಿನ್ನ ಕಾಲು ಗಿಡ್ಡ ಎಂದರೆ ನಾನೇನು ಪಪ್ಪು ಕೊಡುವುದು ನಿಲ್ಲಿಸುತ್ತಿದ್ದೆನೇ ಎಂದಳು. ನಾನು ಅತ್ತೆ. ಆ ಶನಿವಾರ ಅವಳನ್ನು ಕರೆದುಕೊಂಡೇ ಮಾಳಿಗೆ ಹತ್ತಿದೆ. ಅಕ್ಕೋರು ಕೆಳಗೆ ಅವಳ ಚಪ್ಪಲಿಯ ಮುಂದೆ ತುಸು ಹೊತ್ತು ನಿಂತು, ಮೇಲೆ ಬಂದು ಅವಳನ್ನು ಅಂಗಾತ ಮಲಗಿಸಿ, ಕಾಲೆರಡನ್ನೂ ಸ್ಟೂಲಿನ ಮೇಲಿಡಿಸಿದರು. ಅವಳು ಹತ್ತು ನಿಮಿಷದಲ್ಲಿ ಗೊರಕೆ ಹೊಡೆದಳು. ಅಕ್ಕೋರು ನನಗೆ ಶಭಾಷ್ ಎನ್ನಲಿಲ್ಲ. "ನಿಂದ್ರು," ಎಂದರು, ಅಷ್ಟೇ.

ಮರುದಿನ ಭಾನುವಾರ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. "ಆಫೀಸಿನಾಗ ಎಲ್ಲಾರಿಗೂ ನನ್ನ ಕಾಲಿಂದು ಹೇಳೀನಿ." ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅವಳು ಅಪ್ಪನನ್ನು ನೋಡಿದಳು. ಅಪ್ಪ ತುತ್ತು ಪೂರ್ತಿ ಅಗಿದು ನುಂಗಿ, ನೀರು ಕುಡಿದು, "ಹೊಸಾ ಚಪ್ಪಲಿ ತಂದೀಯಲ್ಲ, ಎಲ್ಲಿ?" ಎಂದು ಕೇಳಿದರು.

ಊಟವಾದ ಮೇಲೆ ಎಡಗಾಲಿನ ಚಪ್ಪಲಿ ತಂದುಕೊಟ್ಟೆ. ಹಳೆಯ ಪೇಪರನ್ನೂ ತಂದಿದ್ದೆ, ರೂಢಿ ನೋಡಿ. ಅಪ್ಪ ಪೇಪರನ್ನು ಮಡಚಿ ಕಿಟಕಿಯಲ್ಲಿಟ್ಟರು. ಚಪ್ಪಲಿಯನ್ನು ಹಾಗೇ ಕೈಯಲ್ಲಿ ಹಿಡಿದು ಅಂಗಳಕ್ಕಿಳಿದರು. ನಾನು ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟೆ. ಅದಕ್ಕೆ ಒಳ ಅಟ್ಟೆ ಇರಲಿಲ್ಲ, ನಡೆದರೆ ಕಾಲು ಕುಂಟುವುದು ಕಾಣುತ್ತಿತ್ತು.

ದೇಶಪಾಂಡೆ ಕಾಕಾ ಕಟ್ಟೆಯ ಮೇಲಿದ್ದರು. ಅಪ್ಪನ ಕೈ ನೋಡಿದರು, ಕನ್ನಡಕ ಸರಿಮಾಡಿಕೊಂಡರು. "ಇವತ್ತ ಪುಸ್ತಕ ಇಲ್ಲೇನ್ರಿ?"

ಅಪ್ಪ ನಿಂತರು. ಅವರ ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. "ಯಾವತ್ತೂ ಪುಸ್ತಕ ಇರಲಿಲ್ರಿ," ಎಂದರು. "ನನ್ನ ಮಗಳ ಎಡಗಾಲು ಜರಾ ಗಿಡ್ಡ ಐತಿ. ಅಟ್ಟಿ ಹಾಕಸಾಕ ಹೊಂಟೀವಿ."

ಕಾಕಾ ನನ್ನ ಕಾಲು ನೋಡಿದರು, ಅಪ್ಪನ ಮುಖ ನೋಡಿದರು, ಆಮೇಲೆ ಬಗ್ಗಿ ತಮ್ಮ ಬಲಗಾಲಿನ ಚಪ್ಪಲಿ ಕಳಚಿ ಅಪ್ಪನ ಕಡೆ ಚಾಚಿದರು. "ಹೊಂಟೀರಂದ್ರ ಇದಕ್ಕೊಂದು ಉಂಗುಟ ಹಾಕಿಸ್ಕೊಂಡ ಬರ್ರಿ. ಹರಿದು ನಾಕ ದಿನಾ ಆತು."

ಅಪ್ಪ ಅದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡರು. ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದು, ಮಟಮಟ ಮಧ್ಯಾಹ್ನ, ಕಾಚಿಗೂಡದ ಕಡೆ ತಿರುಗದೆ ನಮ್ಮ ಗಲ್ಲಿಯ ಮೂಲೆಯತ್ತ ನಡೆದರು.